ಎಸೆಯುವುದಕ್ಕೆ ಮುಂಚಿನ ಎರಡು ಸೆಕೆಂಡು

ಪೇರ್ಸ್ ಫಿಗರ್ ಸ್ಕೇಟಿಂಗ್ ನೋಡಿ "ಅಬ್ಬಾ, ಹುಡುಗೀನ ಹೆಂಗೆ ಎಸೀತಾನೆ!" ಅಂತ ಬಾಯಿ ಬಿಟ್ಟರೆ ತಪ್ಪೇನಿಲ್ಲ. ಅಷ್ಟಕ್ಕೇ ನಿಂತರೆ ಮಾತ್ರ ಅದು ಬರೀ ಸರ್ಕಸ್ಸು. ಎಸೆಯುವುದಕ್ಕೆ ಮುಂಚೆ ಮತ್ತು ಇಳಿದ ಮೇಲೆ ಏನಾಗುತ್ತೆ ಅನ್ನೋದರಲ್ಲಿದೆ ಮಜಾ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಜರ್ಮನಿಯ ಅಲ್ಯೋನಾ ಸಾವ್ಚೆಂಕೊ ಮತ್ತು ಬ್ರೂನೊ ಮಾಸೊ ಮಾಡಿದ ಫ್ರೀ ಸ್ಕೇಟ್ ನೋಡಿ, ಗೊತ್ತಾಗುತ್ತೆ.

ಮೊದಲು ಸ್ವಲ್ಪ ಅಆಇಈ. ಐಸ್ ಡ್ಯಾನ್ಸ್ ಬೇರೆ, ಪೇರ್ಸ್ ಬೇರೆ. ಐಸ್ ಡ್ಯಾನ್ಸಿನಲ್ಲಿ ಎಸೆಯೋ ಹಾಗಿಲ್ಲ. ಪೇರ್ಸ್‌ನ ಥ್ರೋ ಜಂಪಿನಲ್ಲಿ ಅವನು ಎಸೀತಾನೆ, ಅವಳು ಗಾಳಿಯಲ್ಲಿ ಮೂರು ಸುತ್ತು ತಿರುಗಿ ಒಂಟಿ ಕಾಲಲ್ಲಿ, ಹಿಮ್ಮುಖವಾಗಿ ಇಳೀಬೇಕು. ಟ್ವಿಸ್ಟಿನಲ್ಲಿ ಅವನೇ ಎಸೆದು ಅವನೇ ಹಿಡೀಬೇಕು. ಡೆತ್ ಸ್ಪೈರಲ್ ಅಂದರೆ ಅವನು ಗೂಟದ ಹಾಗೆ ಒಂದೇ ಕಡೆ ತಿರುಗ್ತಾ ಅವಳ ಕೈ ಹಿಡಿದಿರ್ತಾನೆ. ಅವಳು ತಲೆ ಐಸಿಗೆ ತಾಗುವಷ್ಟು ಬಾಗಿ ಅವನ ಸುತ್ತ ಸುತ್ತುತ್ತಾಳೆ.

ಇವೆಲ್ಲಕ್ಕಿಂತ ನನ್ನೆದೆ ಡವಡವ ಅನ್ನೋದು ಇಬ್ಬರೂ ಅಕ್ಕಪಕ್ಕ ಹಾರುವಾಗ. ಕೈ ಬಿಟ್ಟು, ಒಂದೇ ಕ್ಷಣಕ್ಕೆ, ಒಂದೇ ಜಂಪು. ಅಲ್ಲಿ ಜೊತೆಗಾರ ಏನೂ ಸಹಾಯ ಮಾಡಲಾರ. ಆದರೆ ಒಬ್ಬರ ತಪ್ಪು ಇಬ್ಬರ ಲೆಕ್ಕಕ್ಕೆ. ಹಿಂದಿನ ದಿನದ ಶಾರ್ಟ್ ಪ್ರೋಗ್ರಾಮಿನಲ್ಲಿ ಆಗಿದ್ದೇ ಅದು: ಮೂರು ಸುತ್ತಿನ ಸಾಲ್ಕೋ ಹಾರಬೇಕಿದ್ದ ಮಾಸೊ ಎರಡಕ್ಕೇ ಇಳಿದುಬಿಟ್ಟ. 76.59 ಅಂಕ, ನಾಲ್ಕನೇ ಸ್ಥಾನ. ಸಾವ್ಚೆಂಕೊಗೆ ಆಗ 34 ವರ್ಷ, ಅದು ಐದನೇ ಒಲಿಂಪಿಕ್ಸು. ಹಿಂದಿನ ಜೊತೆಗಾರ ರಾಬಿನ್ ಶೋಲ್ಕೊವಿ ಜೊತೆ ಸಿಕ್ಕಿದ್ದು ಎರಡು ಕಂಚು. ಎಲ್ಲಾ ಅಲ್ಲಿಗೇ ಮುಗೀತು ಅನ್ನೋ ಪರಿಸ್ಥಿತಿ.

ಫ್ರೀ ಸ್ಕೇಟನ್ನು ಸಂಯೋಜಿಸಿದ್ದು ಕ್ರಿಸ್ಟೋಫರ್ ಡೀನ್, 1984ರಲ್ಲಿ ಜೇನ್ ಟಾರ್ವಿಲ್ ಜೊತೆ ಐಸ್ ಡ್ಯಾನ್ಸಿನಲ್ಲಿ ಚಿನ್ನ ಗೆದ್ದವರು. ಅದು ಎದ್ದು ಕಾಣುತ್ತೆ. ಎಷ್ಟೋ ಜೋಡಿಗಳು ಥ್ರೋ ಹತ್ತಿರ ಬಂತು ಅಂದರೆ ಕುಣಿತ ಬಿಟ್ಟು ತಯಾರಿಗೆ ನಿಲ್ತಾರೆ, ಸ್ಟಾಪ್ ಬರೋಕೆ ಮುಂಚೆನೇ ಬಸ್ಸಲ್ಲಿ ಎದ್ದು ಬ್ಯಾಗು ಏರಿಸ್ಕೊಳ್ಳೋರ ಹಾಗೆ. ಸಂಗೀತ ತನ್ನ ಪಾಡಿಗೆ ಓಡ್ತಿರುತ್ತೆ. ಇವರಲ್ಲಿ ಆ ತಯಾರಿಯೇ ಕಾಣಲ್ಲ. ತಿರುವಿನೊಳಗಿಂದಲೇ ಎಸೆತ ಹುಟ್ಟುತ್ತೆ. ಇಳಿದ ವೇಗ ಹಾಗೇ ಮುಂದಿನ ಹೆಜ್ಜೆಗೆ ಹರಿಯುತ್ತೆ. ಕೊನೆಯ ಭಾಗ ನನ್ನ ರುಚಿಗೆ ಒಂಚೂರು ಜಾಸ್ತಿನೇ ಭಾವುಕ, ಇರಲಿ.

159.31 ಅಂಕ, ಆ ಕಾಲಕ್ಕೆ ವಿಶ್ವದಾಖಲೆ. ಒಟ್ಟು 235.90. ಶಾರ್ಟ್‌ನಲ್ಲಿ ಮೊದಲಿದ್ದ ಚೀನಾದ ಸುಯಿ ವೆನ್‌ಜಿಂಗ್, ಹಾನ್ ಕಾಂಗ್ ಜೋಡಿಗೆ 235.47. ಚಿನ್ನ ಬಂದಿದ್ದು 0.43ರ ಅಂತರದಲ್ಲಿ.

ನನ್ನ ತಕರಾರು ಟೀವಿಯವರ ಮೇಲೆ. ರೀಪ್ಲೇಯಲ್ಲಿ ಹೆಚ್ಚಾಗಿ ಗಾಳಿಯಲ್ಲಿರೋದನ್ನೇ ತೋರಿಸ್ತಾರೆ. ಇಳಿದ ಕಾಲು ಎಷ್ಟು ದೂರ ಜಾರಿತು, ಆ ಹೊತ್ತಿಗೆ ಅವನು ಎಲ್ಲಿದ್ದ, ಇಬ್ಬರೂ ಮತ್ತೆ ಕೈ ಸೇರಿಸೋಕೆ ಎಷ್ಟು ಹೆಜ್ಜೆ ಬೇಕಾಯ್ತು ಅನ್ನೋದು ಕಾಣೋಷ್ಟರಲ್ಲಿ ದೃಶ್ಯ ಬದಲಾಗಿರುತ್ತೆ.