ಮನಶ್ಶಾಸ್ತ್ರದ ಇತಿಹಾಸ: ಒಂದು ಕಡ್ಡಾಯ ವಿಷಯದ ವಿವೇಚನೆ

ಒಂದು ಶಾಸ್ತ್ರವನ್ನು ಅಭ್ಯಸಿಸುವವನು ಅದರ ಇತಿಹಾಸವನ್ನೂ ಅರಿತಿರಬೇಕೆಂಬ ನಿಯಮ ಭೌತ, ರಸಾಯನಾದಿ ಶಾಸ್ತ್ರಗಳ ಉನ್ನತ ವ್ಯಾಸಂಗದಲ್ಲಿ ಸಾಮಾನ್ಯವಾಗಿ ಕಾಣದು. ಮನಶ್ಶಾಸ್ತ್ರದಲ್ಲಾದರೋ ಅದು ಬಲವಾಗಿ ಬೇರೂರಿದೆ. ಅಮೆರಿಕದ ಮನಶ್ಶಾಸ್ತ್ರ ಸಂಘದಿಂದ ಮಾನ್ಯತೆ ಪಡೆದ ಡಾಕ್ಟರೇಟ್ ಶಿಕ್ಷಣಕ್ರಮಗಳಲ್ಲಿ ಶಾಸ್ತ್ರದ ಇತಿಹಾಸ ಹಾಗೂ ಪಂಥಗಳ ಜ್ಞಾನ ಅವಶ್ಯವೆಂದು ವಿಧಿಸಲಾಗಿದೆ. ಹಿಂದಿನ ವ್ಯಾಸಂಗದಲ್ಲಿ ಗಳಿಸಿದ ಜ್ಞಾನವನ್ನು ತೋರಿಸಿ ಅದನ್ನು ಪೂರೈಸುವ ಅವಕಾಶವೂ ಉಂಟು. ನಿಯಮವನ್ನು ಪೂರೈಸುವುದು ಒಂದು, ಅದರ ಉದ್ದೇಶವನ್ನು ಪೂರೈಸುವುದು ಮತ್ತೊಂದು. ಈ ಅಂತರವೇ ಇಲ್ಲಿಯ ವಿಚಾರಕ್ಕೆ ವಸ್ತು.

ರೂಢಿಯ ಪಠ್ಯಗಳ ಕ್ರಮ ಎಲ್ಲರಿಗೂ ಪರಿಚಿತವಾದುದು. 1879ರಲ್ಲಿ ಲೈಪ್‌ಜಿಗ್‌ನಲ್ಲಿ ವುಂಟನ ಪ್ರಯೋಗಶಾಲೆ, 1890ರಲ್ಲಿ ವಿಲಿಯಂ ಜೇಮ್ಸನ ಮಹಾಗ್ರಂಥ, 1913ರಲ್ಲಿ ವಾಟ್ಸನನ ವರ್ತನವಾದದ ಘೋಷಣೆ; ನಡುವೆ ವಿಯನ್ನಾದ ಫ್ರಾಯ್ಡ್. 1929ರಲ್ಲಿ ಬೋರಿಂಗ್ ಪ್ರಾಯೋಗಿಕ ಮನಶ್ಶಾಸ್ತ್ರದ ಇತಿಹಾಸವನ್ನು ಬರೆದ ಮೇಲೆ ಪ್ರಯೋಗಶಾಲೆಯೇ ಕಥೆಯ ನಾಯಕನಾಯಿತು. ಈ ನಾಮಾವಳಿಯನ್ನು ಕಂಠಸ್ಥ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಉತ್ತೀರ್ಣನಾಗುತ್ತಾನೆ. ಆದರೆ ಶಾಸ್ತ್ರವೆಂಬುದು ಎಲ್ಲೋ ದೂರದಲ್ಲಿ ನಡೆದುಹೋದ ಘಟನೆ, ತನ್ನ ನಾಡು ಅದನ್ನು ಸ್ವೀಕರಿಸಿತಷ್ಟೆ, ಎಂಬ ಭಾವನೆಯೂ ಅವನಲ್ಲಿ ನೆಲೆಯೂರುತ್ತದೆ.

ಈ ಭಾವನೆ ಅರ್ಧಸತ್ಯ. ಕಲಕತ್ತೆಯಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು 1905ರಲ್ಲಿಯೇ ರೂಪಿಸಿದವರು ಬ್ರಜೇಂದ್ರನಾಥ ಸೀಲರು. ಅಲ್ಲಿ 1916ರಲ್ಲಿ ತೆರೆದ ವಿಭಾಗದ ಹೊಣೆ ಹೊತ್ತವರು ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿ ಬಂದ ನರೇಂದ್ರನಾಥ ಸೇನಗುಪ್ತರು. ಮುಂದೆ ಸೀಲರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ, ಅಲ್ಲಿಯೂ ಮನಶ್ಶಾಸ್ತ್ರ ವಿಭಾಗ ಸ್ಥಾಪಿತವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದವರೂ ಅವರೇ. ಬುದ್ಧಿಶಕ್ತಿಯ ಮಾಪನ ವಿಧಾನಗಳು ಲಂಡನ್ನಿನಿಂದ ಮೈಸೂರಿಗೆ ಬಂದಾಗ ಯಾವ ಭಾಷೆಯನ್ನು ತೊಟ್ಟವು, ಯಾವ ಮಕ್ಕಳಿಗೆ ಹೊಂದಿದವು, ಯಾವುವನ್ನು ತಿದ್ದಬೇಕಾಯಿತು ಎಂಬ ಪ್ರಶ್ನೆಗಳೇ ಶಾಸ್ತ್ರದ ನಿಜವಾದ ಇತಿಹಾಸ. ಕನ್ನಡಿಗ ವಿದ್ಯಾರ್ಥಿಯ ಪಠ್ಯದಲ್ಲಿ ಈ ಅಧ್ಯಾಯಕ್ಕೆ ಸ್ಥಾನವಿಲ್ಲದಿದ್ದರೆ ಅದು ಲೋಪವೇ ಸರಿ.

ಹಾಗೆಂದು ಇನ್ನೊಂದು ಅತಿರೇಕಕ್ಕೆ ಹೋಗುವುದೂ ಸಲ್ಲದು. ರಸಸೂತ್ರದಲ್ಲಿ, ಯೋಗದರ್ಶನದಲ್ಲಿ, ವಚನಗಳಲ್ಲಿ ಆಧುನಿಕ ಮನಶ್ಶಾಸ್ತ್ರವೆಲ್ಲ ಮೊದಲೇ ಅಡಗಿತ್ತೆಂಬ ವಾದ ಅಭಿಮಾನಕ್ಕೆ ಹಿತವಾದೀತು, ವಿಮರ್ಶೆಗೆ ಅಲ್ಲ. ಭರತನು ಕೇಳಿದುದು ಸಹೃದಯನ ಆಸ್ವಾದದ ಪ್ರಶ್ನೆಯನ್ನು. ವುಂಟನ ಶಾಲೆ ಅಳೆದುದು ಪ್ರತಿಕ್ರಿಯೆಯ ಕಾಲವನ್ನು. ಎರಡನ್ನೂ ಒಂದೆನ್ನುವವನು ಎರಡಕ್ಕೂ ಅನ್ಯಾಯ ಮಾಡುತ್ತಾನೆ.

ಇತಿಹಾಸಜ್ಞಾನದ ಪ್ರಯೋಜನಕ್ಕೆ ಒಂದು ನಿದರ್ಶನ ಸಾಕು. 1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟಿ ಜೆನೊವೀಸ್ ಎಂಬ ತರುಣಿಯ ಕೊಲೆಯಾಯಿತು. 38 ಮಂದಿ ನೋಡುತ್ತ ಸುಮ್ಮನಿದ್ದರೆಂದು ಪತ್ರಿಕೆ ಬರೆಯಿತು. ಆ ಪ್ರೇರಣೆಯಿಂದ ಲಾಟನೆ ಮತ್ತು ಡಾರ್ಲಿ 1968ರಲ್ಲಿ ಪ್ರಯೋಗಗಳನ್ನು ಪ್ರಕಟಿಸಿದರು. ಕಥೆ ಪಠ್ಯಪುಸ್ತಕಗಳನ್ನು ಸೇರಿತು. 2007ರಲ್ಲಿ ಮ್ಯಾನಿಂಗ್, ಲೆವೈನ್, ಕಾಲಿನ್ಸ್ ದಾಖಲೆಗಳನ್ನು ಪರಿಶೀಲಿಸಿ, ಆ 38 ಮಂದಿಯ ಚಿತ್ರಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಪ್ರಯೋಗಗಳು ಇದರಿಂದ ಬಿದ್ದುಹೋಗಲಿಲ್ಲ. ಆದರೆ ದೃಷ್ಟಾಂತಕಥೆ ಬಿದ್ದಿತು. ಪ್ರಯೋಗಶಾಲೆ ಮಾಡಲಾಗದ ಈ ಕೆಲಸವನ್ನು ಇತಿಹಾಸ ಮಾಡಿತು.

ಇದನ್ನೇ ನಾಸಿಕ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಸಟಾಣಾದಲ್ಲಿ ನಿಂತು ನೋಡಬೇಕು. ಆ ಊರು ಒಬ್ಬ ಕಂದಾಯ ಅಧಿಕಾರಿಯನ್ನು ದೇವರೆಂದು ಪೂಜಿಸುತ್ತದೆ. ಬರಗಾಲದಲ್ಲಿ ಸರಕಾರದ ಖಜಾನೆಯನ್ನೇ ಹಸಿದವರಿಗೆ ಹಂಚಿದರೆಂಬ ಪ್ರತೀತಿಯುಳ್ಳ ಯಶವಂತರಾವ್ ಮಹಾರಾಜರು ಅಲ್ಲಿ 'ದೇವ ಮಾಮಲೇದಾರ'ರು. ಆ ಊರಿನ ವಿದ್ಯಾರ್ಥಿ ಪರೋಪಕಾರದ ಅಧ್ಯಾಯವನ್ನು ಓದುವಾಗ ನ್ಯೂಯಾರ್ಕಿನ ಕಥೆಯನ್ನು ಕಲಿಯುತ್ತಾನೆ. ತನ್ನೂರಿನ ಗುಡಿ ಅವನಿಗೆ ಪ್ರಶ್ನೆಯಾಗಿ ಹೊಳೆಯುವುದಿಲ್ಲ. ಗುಂಪಿನಲ್ಲಿ ಮನುಷ್ಯ ಏಕೆ ನೆರವಾಗುವುದಿಲ್ಲ ಎಂಬುದು ಒಂದು ಪ್ರಶ್ನೆ. ಅಧಿಕಾರದಲ್ಲಿರುವವನು ನಿಯಮವನ್ನು ಮೀರಿ ಏಕೆ ನೆರವಾಗುತ್ತಾನೆ, ಜನ ಆ ನೆನಪನ್ನು ಏಕೆ ದೈವತ್ವಕ್ಕೇರಿಸುತ್ತಾರೆ ಎಂಬುದು ಅದಕ್ಕಿಂತ ಕಿರಿದಾದ ಪ್ರಶ್ನೆಯಲ್ಲ. ಆದರೆ ಈ ಪ್ರತೀತಿಯನ್ನೂ 38 ಮಂದಿಯ ವರದಿಯಂತೆಯೇ ಆಧಾರಗಳ ಒರೆಗೆ ಹಚ್ಚಬೇಕು. ಒಂದಕ್ಕೆ ಸಂಶಯ, ಇನ್ನೊಂದಕ್ಕೆ ಭಕ್ತಿ ಎಂಬ ಪಕ್ಷಪಾತ ಶಾಸ್ತ್ರಕ್ಕೆ ಒಪ್ಪುವಂಥದಲ್ಲ.

ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು, ಮನಸ್ಸಿನ ಶಾಸ್ತ್ರವನ್ನು ಕನ್ನಡ ಸಮರ್ಥವಾಗಿ ಹೇಳಬಲ್ಲದೆಂಬುದಕ್ಕೆ ಸಾಕ್ಷಿ. ಇನ್ನು ಬೇಕಾದುದು ಆ ಶಾಸ್ತ್ರ ಈ ನೆಲಕ್ಕೆ ಬಂದ ಬಗೆಯ ಸಾಧಾರ ವೃತ್ತಾಂತ. ನಾಡಿನಿಂದ ದೂರವಿದ್ದು ಎರಡು ಮೂರು ಭಾಷೆಗಳಲ್ಲಿ ಓದುವ ಕನ್ನಡಿಗರಿಗೆ ಈ ಕಾರ್ಯ ವಿಶೇಷವಾಗಿ ಸಲ್ಲುತ್ತದೆ. ಮರಾಠಿ, ಬಂಗಾಳಿ, ಇಂಗ್ಲಿಷ್ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡುವ ಅನುಕೂಲ ಅವರಿಗಿದೆ. ಕಡ್ಡಾಯ ವಿಷಯವನ್ನು ಅಂಕಗಳಿಂದ ಮುಗಿಸಬಹುದು. ವಿದ್ಯಾರ್ಥಿ ತನ್ನ ಪಠ್ಯವನ್ನೂ ತನ್ನ ಊರನ್ನೂ ಒಂದೇ ಕಣ್ಣಿನಿಂದ ಪರೀಕ್ಷಿಸಲು ಕಲಿತಾಗಲೇ ಅದರ ಉದ್ದೇಶ ಈಡೇರುವುದು.