ತಿಕ್ಕಿದ ಕೈ ಎಲ್ಲಿ?

ಕಳೆದ ಬೇಸಿಗೆಯಲ್ಲಿ ರುದ್ರಪಟ್ಟಣದ ನಮ್ಮ ದೊಡ್ಡಮ್ಮನ ಮನೆಯ ಪಡಸಾಲೆಯಲ್ಲಿ ಇಬ್ಬರು ಕಲಾವಿದರ ಚಿತ್ರಪ್ರದರ್ಶನವೊಂದು ನಡೆಯಿತು. ಕಲಾವಿದರಿಬ್ಬರೂ ತೀರಿಕೊಂಡು ಐವತ್ತು ವರ್ಷಗಳ ಮೇಲಾಗಿದೆ. ಗೋಡೆಗೆ ಅಂಟಿಸಿದ್ದು ಮೂಲ ಚಿತ್ರಗಳನ್ನಲ್ಲ, ನಾನು ಅರಕಲಗೂಡಿನಲ್ಲಿ ಹಾಕಿಸಿಕೊಂಡು ಬಂದ ಎರಡು ಕಲರ್ ಪ್ರಿಂಟುಗಳನ್ನು. ನೋಡಿದವರು ಒಟ್ಟು ಐದು ಜನ. ಉದ್ಘಾಟನೆಗೆ ಕಾಫಿ ಇತ್ತು.

ಇದಕ್ಕೆ ಕಾರಣ ಆ ವರ್ಷದ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಶುರುಮಾಡಿದ ಈ ಸಂತೆಗೆ ನಾನು ಜನವರಿಯಲ್ಲಿ ತಪ್ಪದೆ ಹೋಗುತ್ತೇನೆ. ಕುಮಾರಕೃಪಾ ರಸ್ತೆಯ ಉದ್ದಕ್ಕೂ ನಡೆದರೆ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ತೊಟ್ಟಿಮನೆಯ ಒಳಭಾಗ, ಎಣ್ಣೆ ಕುಡಿದು ಕಪ್ಪಾದ ಮರದ ಕಂಬ, ಮೇಲಿನಿಂದ ಓರೆಯಾಗಿ ಬಿದ್ದ ಬಿಸಿಲು, ಮೂಲೆಯಲ್ಲಿ ಹೊಳೆಯುವ ಹಿತ್ತಾಳೆ ಬಿಂದಿಗೆ, ಗೂಡಿನಲ್ಲಿ ಒಂದು ಲಾಂದ್ರ. ಮನುಷ್ಯರು ಇರುವುದಿಲ್ಲ. ಕೆಲಸ ಅಚ್ಚುಕಟ್ಟಾಗಿರುತ್ತದೆ, ಫೋಟೋಗೆ ಸವಾಲು ಹಾಕುವ ಹಾಗೆ. ಅಂಥ ಒಂದನ್ನು ನಾನೂ ಕೊಳ್ಳಲು ಹೊರಟಿದ್ದೆ. ನಮ್ಮ ಮನೆಯ ಹಾಗೇ ಇತ್ತು. ಕೊಳ್ಳುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡಮ್ಮನಿಗೆ ಕಳಿಸಿದೆ. ಅವರು ಸಂಜೆ ಫೋನ್ ಮಾಡಿದರು.

"ಬಿಂದಿಗೆ ಚೆನ್ನಾಗಿದೆ ಕಣೋ. ಇಷ್ಟು ಹೊಳೀತಿದೆ ಅಂದ್ರೆ ಯಾರೋ ಈಗಷ್ಟೇ ಹುಣಸೆಹಣ್ಣು ಹಾಕಿ ತಿಕ್ಕಿರಬೇಕಲ್ಲ. ಅವಳೆಲ್ಲಿ?"

ನಾನು ಚಿತ್ರ ಕೊಳ್ಳಲಿಲ್ಲ. ಆದರೆ ಆ ಪ್ರಶ್ನೆ ಜೊತೆಗೇ ಉಳಿಯಿತು. ಖಾಲಿ ಕೋಣೆ, ಸುಮ್ಮನೆ ಕುಳಿತ ಪಾತ್ರೆ, ಇಂಥವುಗಳ ಚಿತ್ರದಲ್ಲಿ ಮನುಷ್ಯ ಕಾಣಲೇಬೇಕು ಎಂದೇನೂ ಇಲ್ಲವಲ್ಲ. ಹಾಗಾದರೆ ದೊಡ್ಡಮ್ಮನಿಗೆ ಇಲ್ಲಿ ಇಲ್ಲವಾಗಿ ಕಂಡದ್ದು ಏನು?

ನಮ್ಮಲ್ಲಿ ಈ ಪ್ರಕಾರದ ಬಗ್ಗೆ ಯೋಚಿಸುವ ರೂಢಿಯೇ ಕಡಿಮೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂತವರಿಗೆ ಗೊತ್ತು: ಸ್ಟೂಲಿನ ಮೇಲೊಂದು ಪಾತ್ರೆ, ಪಕ್ಕದಲ್ಲೊಂದು ಹಣ್ಣು, ನೆರಳು ಸರಿಯಾಗಿ ಬಿದ್ದರೆ ಮಾರ್ಕ್ಸು. ಅಲ್ಲಿಗೆ ಮುಗಿಯಿತು. ಕನ್ನಡದಲ್ಲಿ ಇದಕ್ಕೆ ನಿಂತ ಹೆಸರೂ ಇಲ್ಲ. ಸ್ಥಿರಚಿತ್ರ ಎಂದರೆ ಫೋಟೋ ಎನ್ನಿಸುತ್ತದೆ, ಸ್ತಬ್ಧಚಿತ್ರ ಎಂದರೆ ದಸರಾ ಮೆರವಣಿಗೆ ನೆನಪಾಗುತ್ತದೆ. ಇಂಗ್ಲಿಷಿನವರು ಸ್ಟಿಲ್ ಲೈಫ್ ಎಂದು ನಿಶ್ಚಲತೆಯಲ್ಲೂ ಜೀವ ಇಟ್ಟರು. ಇಟಲಿಯವರು ನತೂರಾ ಮೋರ್ತಾ, ಸತ್ತ ಪ್ರಕೃತಿ, ಎಂದುಬಿಟ್ಟರು. ಪ್ರಶ್ನೆ ಇರುವುದು ಈ ಎರಡು ಹೆಸರುಗಳ ನಡುವೆಯೇ: ಚಿತ್ರದೊಳಗೆ ಬಂದ ವಸ್ತು ಬದುಕಿದೆಯೋ, ಸತ್ತಿದೆಯೋ?

ಬೇಸಿಗೆಯಲ್ಲಿ ಮನೆ ಖಾಲಿ ಮಾಡಲು ಊರಿಗೆ ಹೋಗಬೇಕಾಯಿತು. ದೊಡ್ಡಮ್ಮ ಮೈಸೂರಿಗೆ, ಮಗನ ಮನೆಗೆ ಹೊರಟಿದ್ದರು. ಎರಡು ಪ್ರಿಂಟು ಹಾಕಿಸಿಕೊಂಡು ಹೋದೆ.

ಮೊದಲನೆಯದು ಎಸ್.ಎಲ್. ಹಲ್ದಣಕರ್ (1882–1968) ಅವರ ‘ಗ್ಲೋ ಆಫ್ ಹೋಪ್’. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರೆಲ್ಲ ನೋಡಿರುವ, ದೀಪ ಹಿಡಿದ ಹೆಂಗಸಿನ ಚಿತ್ರ. ಇದನ್ನು ರವಿವರ್ಮನ ಚಿತ್ರವೆಂದು ಹೇಳುವವರು ಇಂದಿಗೂ ಸಿಗುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಬರೆದದ್ದು 1945–46ರ ಸುಮಾರಿಗೆ. ರೂಪದರ್ಶಿ ಹಲ್ದಣಕರ್ ಅವರ ಮಗಳು ಗೀತಾ. ಕೊಲ್ಲಾಪುರದಲ್ಲಿದ್ದ ಆಕೆ 2018ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಎಲ್ಲರೂ ಕೇಳುವುದು ಒಂದೇ: ಆ ಬೆಳಕು ಹೇಗೆ ಬಂತು? ಇದು ಜಲವರ್ಣ. ಪಾರದರ್ಶಕ ಜಲವರ್ಣದಲ್ಲಿ ಬೆಳಕನ್ನು ಕೊನೆಯಲ್ಲಿ ಬಳಿಯಲಾಗುವುದಿಲ್ಲ. ಕಾಗದದ ಬಿಳುಪನ್ನು ಮೊದಲಿಂದಲೇ ಕಾಪಾಡಿಕೊಂಡು, ಸುತ್ತ ಕತ್ತಲನ್ನು ಪದರಪದರವಾಗಿ ಕಟ್ಟುತ್ತ ಬರಬೇಕು. ಅಂದರೆ ಆ ಹೆಂಗಸು ಅಂಗೈಯಿಂದ ದೀಪ ಕಾಯುತ್ತಿರುವ ಹಾಗೆ ಕಲಾವಿದ ಕಾಗದವನ್ನು ಕಾದಿದ್ದಾನೆ. ಬೆರಳುಗಳ ಮೂಲಕ ಬೆಳಕು ಕೆಂಪಾಗಿ ಸೋಸುತ್ತದೆ. ಹಿಂದೆ ಗೋಡೆಯ ಮೇಲೆ ಅವಳದೇ ನೆರಳು.

ಇನ್ನೊಂದು ಚಿತ್ರ ಇಟಲಿಯ ಜಾರ್ಜೋ ಮೊರಾಂದಿಯದು (1890–1964). ಆತ ಬೊಲೊನ್ಯಾ ಊರಿನ ಒಂದು ಮನೆಯಲ್ಲಿ, ಮದುವೆಯಾಗದೆ, ಮೂವರು ಅಕ್ಕತಂಗಿಯರ ಜೊತೆ ಬದುಕಿದವನು. 1930ರಿಂದ 1956ರವರೆಗೆ ಅಲ್ಲಿನ ಕಲಾಶಾಲೆಯಲ್ಲಿ ಎಚ್ಚಿಂಗ್ ಕಲಿಸಿದ. ಮಿಕ್ಕ ಹೊತ್ತೆಲ್ಲ ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ಮೇಜಿನ ಮೇಲೆ ಹಿಂದೆ ಮುಂದೆ ಸರಿಸಿ ಬರೆದ. ಬಾಟಲಿಗಳಿಗೆ ಮಂಕು ಬಣ್ಣ ಬಳಿದು ಹೊಳಪನ್ನು ತೆಗೆದುಬಿಡುತ್ತಿದ್ದ, ಧೂಳು ಕೂತರೆ ಕೂರಲಿ ಎಂದು ಬಿಡುತ್ತಿದ್ದ. ನಾನು ಅಂಟಿಸಿದ್ದು 1950ರ ದಶಕದ್ದು: ಎತ್ತರದ ಬಿಳಿ ಬಾಟಲಿ, ಅದಕ್ಕೆ ಆತು ನಿಂತ ಎರಡು ಮೂರು ಡಬ್ಬಿ. ವಿಭೂತಿಯ ಬಣ್ಣ, ಒಣಗಿದ ಗಂಧದ ಬಣ್ಣ. ಬಾಟಲಿಯ ಅಂಚು ಎಲ್ಲಿ ಮುಗಿದು ಡಬ್ಬಿ ಎಲ್ಲಿ ಶುರುವಾಯಿತು ಎಂದು ಹೇಳಲು ಒಂದು ಗಳಿಗೆ ಬೇಕು.

ದೊಡ್ಡಮ್ಮ ದೀಪದ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. "ಕೈ ಬಿಸಿ ತಾಕಿರಬೇಕು ಪಾಪ" ಎಂದರು. ಮೊರಾಂದಿಯ ಮುಂದೆ ಬಂದು, "ಇದೇನೋ, ಅಟ್ಟದಿಂದ ಇಳಿಸಿದ ಹಾಗಿದೆ. ಧೂಳು ಹೊಡೆಯೋರು ಇರಲಿಲ್ವಾ?" ಮೂವರು ಅಕ್ಕತಂಗಿಯರಿದ್ದರು, ಆದರೆ ಧೂಳು ಇರಲಿ ಎನ್ನುತ್ತಿದ್ದ ಎಂದೆ. "ಒಳ್ಳೇ ಗಂಡಸು" ಎಂದು ನಕ್ಕರು. ಪಕ್ಕದ ಬೀದಿಯ ಮೇಷ್ಟ್ರು, ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವವರು, ಮೊರಾಂದಿಯನ್ನೇ ನೋಡುತ್ತ ಕೂತಿದ್ದರು. "ಶ್ರುತಿ ಸೇರಿದೆ ಕಣಯ್ಯ, ಹಾಡೋರು ಇನ್ನೂ ಬಂದಿಲ್ಲ ಅಷ್ಟೆ" ಎಂದರು. ಊರೇ ಹಾಗೆ. ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ರುದ್ರಪಟ್ಟಣಂ ಸಹೋದರರೆಂದು ಇಬ್ಬರು ಜೊತೆಯಾಗಿ ಹಾಡಿ ಹೆಸರು ತಂದ ಊರು, ತಂಬೂರಿಯ ಆಕಾರದಲ್ಲಿ ಧ್ಯಾನಮಂದಿರ ಕಟ್ಟಿಕೊಂಡ ಊರು. ಇಲ್ಲಿ ಏನು ತೋರಿಸಿದರೂ ಶ್ರುತಿಗೆ ಬಂದು ನಿಲ್ಲುತ್ತದೆ.

ಆದರೆ ಇಬ್ಬರು ಸೇರಿ ಹಾಡುವುದರಿಂದ ಇಬ್ಬರ ಪ್ರದರ್ಶನದ ಬಗ್ಗೆ ಕಲಿಯಲು ಒಂದು ವಿಷಯ ಇದೆ. ಒಬ್ಬರು ನಿಲ್ಲಿಸಿದ ಕಡೆ ಇನ್ನೊಬ್ಬರು ಎತ್ತಿಕೊಳ್ಳುವಾಗ ಮೊದಲಿನವರು ಬಿಟ್ಟದ್ದು ಏನು ಎಂದು ಕೇಳುತ್ತದೆ. ಮೊರಾಂದಿಯ ಪಕ್ಕದಲ್ಲಿಟ್ಟಾಗ ಹಲ್ದಣಕರ್ ಅವರ ಜಾಣತನ ಸ್ವಲ್ಪ ಹೆಚ್ಚೇ ಕಂಡಿತು. ಸೀರೆಯ ನೆರಿಗೆ ಒಂದೂ ತಪ್ಪಿಲ್ಲ, ಆ ಶೀರ್ಷಿಕೆಯ ‘ಆಶಾಕಿರಣ’ ಚಿತ್ರಕ್ಕೆ ಬೇಕೇ ಇರಲಿಲ್ಲ. ಹಲ್ದಣಕರ್ ಪಕ್ಕದಲ್ಲಿಟ್ಟಾಗ ಮೊರಾಂದಿಯ ಮೌನದಲ್ಲಿ ಒಂದು ಬಗೆಯ ಸವಲತ್ತು ಕಂಡಿತು. ಮನೆ ನೋಡಿಕೊಳ್ಳುವವರು ಬೇರೆ ಇದ್ದವನಷ್ಟೇ ಹೀಗೆ ಡಬ್ಬಿಗಳನ್ನು ಸರಿಸುತ್ತ ಕೂರಬಲ್ಲ.

ಆದರೂ ಎರಡರಲ್ಲೂ ಚಿತ್ರಸಂತೆಯ ಬಿಂದಿಗೆಯಲ್ಲಿ ಇಲ್ಲದ್ದು ಒಂದಿತ್ತು. ಹಲ್ದಣಕರ್ ಚಿತ್ರದಲ್ಲಿ ದೀಪ ಉರಿಯುತ್ತಿರುವುದು ಒಂದು ಕೈ ಅಡ್ಡ ಇರುವುದರಿಂದ. ಮೊರಾಂದಿಯಲ್ಲಿ ಕೈ ಕಾಣುವುದಿಲ್ಲ, ಆದರೆ ಆ ಡಬ್ಬಿ ಬಾಟಲಿಗೆ ಅಷ್ಟು ಹತ್ತಿರ ತಾನಾಗಿ ಬಂದು ನಿಂತಿಲ್ಲ. ಯಾರೋ ಇಟ್ಟು, ನೋಡಿ, ಎತ್ತಿ, ಕೂದಲೆಳೆಯಷ್ಟು ಸರಿಸಿ ಮತ್ತೆ ಇಟ್ಟಿದ್ದಾರೆ. ಆ ಧೂಳಿಗೂ ಕೂರಲು ವರ್ಷಗಳು ಹಿಡಿದಿವೆ. ಸಂತೆಯ ಚಿತ್ರದಲ್ಲಿ ಹೊಳಪು ಇತ್ತು, ಹೊಳಪಿಗೆ ಹಿಡಿದ ಹೊತ್ತು ಇರಲಿಲ್ಲ. ಬಿಂದಿಗೆಗೆ ಸೊಟ್ಟ ಇರಲಿಲ್ಲ, ಕಂಬಕ್ಕೆ ಒರಗಿದವರ ತಲೆಯ ಎಣ್ಣೆಯ ಗುರುತು ಇರಲಿಲ್ಲ. ಯಾರೂ ಬಳಸದ ಮನೆ ಅದು.

ಇಲ್ಲಿ ತಪ್ಪು ಕಲಾವಿದರದ್ದು ಎಂದು ಬರೆದು ಮುಗಿಸುವುದು ಸುಲಭ. ಅವರು ಮಾರಿ ಬದುಕಬೇಕು, ಕೊಳ್ಳುವವರು ನಮ್ಮಂಥವರು. ಮನೆ ಬಿಟ್ಟು ಬೆಂಗಳೂರಿಗೆ, ಅಮೆರಿಕಕ್ಕೆ ಹೋದವರು ನಾವು. ನಮಗೆ ಮನೆ ಬೇಕು, ಅದನ್ನು ಗುಡಿಸುತ್ತ ಒಂಟಿಯಾಗಿ ಉಳಿದವರು ಚಿತ್ರದಲ್ಲಿ ಬೇಡ. ಬಂದರೆ ನಮ್ಮನ್ನು ಕೇಳುತ್ತಾರೆ. ಆ ಖಾಲಿ ತೊಟ್ಟಿಮನೆ ನಾವೇ ಕೊಟ್ಟ ಆರ್ಡರು.

ಆ ದಿನ ಸಾಮಾನು ಹಂಚುವಾಗ ಇದೇ ಮಾತು ಬೇರೆ ರೂಪದಲ್ಲಿ ಬಂತು. ಪಡಸಾಲೆಯ ಮೂಲೆಯಲ್ಲಿ ದೊಡ್ಡಪ್ಪನ ಹಲಸಿನ ಮರದ ತಂಬೂರಿ ಇತ್ತು. ಒಂದು ತಂತಿ ತುಂಡಾಗಿ ವರ್ಷಗಳಾಗಿದ್ದವು. ನಮ್ಮಲ್ಲೇ ಒಬ್ಬರು ಅದನ್ನು ತಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಮೇಲೊಂದು ಲೈಟು ಹಾಕಿ ನಿಲ್ಲಿಸುವ ಆಸೆ ಹೇಳಿದರು. ಕೇಳಿದ್ದು ನಾನೇ. ದೊಡ್ಡಮ್ಮ ಏನೂ ಅನ್ನಲಿಲ್ಲ. ಮೇಷ್ಟ್ರನ್ನು ಕರೆದು ತಂತಿ ಬದಲಾಯಿಸಲು ಹೇಳಿದರು. ಅವರು ನಾಲ್ಕು ತಂತಿ ಬಿಗಿದು, ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆ ಇಟ್ಟು, ಅತ್ತ ಇತ್ತ ಸರಿಸುತ್ತ ಕೂತರು. ಒಂದು ಜಾಗಕ್ಕೆ ಬಂದಾಗ, ಅಲ್ಲಿಯವರೆಗೆ ಬರೀ ಟಣ್ ಎನ್ನುತ್ತಿದ್ದ ತಂತಿ ಝೇಂಕರಿಸಿತು. ಮೊರಾಂದಿ ಡಬ್ಬಿ ಸರಿಸುತ್ತಿದ್ದದ್ದು ಹೀಗೇ ಇದ್ದಿರಬೇಕು ಎನ್ನಿಸಿತು.

ತಂಬೂರಿ ಮೇಷ್ಟ್ರ ಹತ್ತಿರ ಕಲಿಯುತ್ತಿರುವ ಹುಡುಗಿಯೊಬ್ಬಳ ಮನೆಗೆ ಹೋಯಿತು. ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳು. ಮನೆಗೆ ಬೀಗ ಹಾಕುವ ಮೊದಲು ಪ್ರಿಂಟುಗಳನ್ನು ಕೀಳಲು ಹೋದಾಗ ಮೂಲೆ ಕಂಡಿತು. ಸುಣ್ಣದ ಗೋಡೆಯಲ್ಲಿ ತಂಬೂರಿ ಒರಗುತ್ತಿದ್ದ ಕಡೆ ಒಂದು ಕಂದು ಗುರುತು, ಅದರ ಪಕ್ಕದಲ್ಲಿ ಸ್ವಲ್ಪ ಕೆಳಗೆ, ಕೂತು ಮೀಟುವವರ ಬೆನ್ನು ಸೋಕಿ ಸೋಕಿ ನುಣುಪಾದ ಇನ್ನೊಂದು. ಯಾವ ಬಣ್ಣವೆಂದು ಹೇಳುವುದು ಕಷ್ಟ. ಮುಂದಿನ ಜನವರಿಯಲ್ಲಿ ಆ ಬಣ್ಣ ಹಿಡಿದವರು ಯಾರಾದರೂ ಕುಮಾರಕೃಪಾ ರಸ್ತೆಯಲ್ಲಿ ಸಿಕ್ಕರೆ ಚಿತ್ರ ಕೊಳ್ಳುತ್ತೇನೆ.