ಎರೆಭೂತವೂ ಬೀಳುನೆಲವೂ: ಒಂದು ಶಬ್ದವಿಮರ್ಶೆ

ವನ್ಯಜೀವಿಗಳಿಗೆ ಮೀಸಲಾದ ಪ್ರದೇಶವನ್ನು ಕನ್ನಡದಲ್ಲಿ ‘ಅಭಯಾರಣ್ಯ’ವೆನ್ನುವುದೂ, ಉಳುಮೆಗೆ ಒಳಗಾಗದ ನೆಲವನ್ನು ‘ಬಂಜರು’ ಎನ್ನುವುದೂ ರೂಢವಾಗಿವೆ. ಎರಡೂ ನಿರಪಾಯವಾದ ಶಬ್ದಗಳಂತೆ ತೋರುತ್ತವೆ. ಆದರೆ ಬಯಲುಸೀಮೆಯ ಪಕ್ಷಿಸಂಕುಲದ ವಿಷಯದಲ್ಲಿ ಇವುಗಳಿಂದ ಉಂಟಾದ ಅನರ್ಥವು ಅಲ್ಪವಾದುದಲ್ಲ.

ಮೊದಲನೆಯ ಶಬ್ದಕ್ಕೆ ರಾಣೆಬೆನ್ನೂರೇ ನಿದರ್ಶನ. ಸುಮಾರು 119 ಚದರ ಕಿಲೋಮೀಟರುಗಳ ಅಲ್ಲಿಯ ಕೃಷ್ಣಮೃಗಧಾಮವು 1974ರಲ್ಲಿ ಸ್ಥಾಪಿತವಾಯಿತು. ಕೃಷ್ಣಮೃಗದೊಡನೆ ಎರೆಭೂತವೆಂಬ ಮಹಾಪಕ್ಷಿಯೂ ಅಲ್ಲಿದ್ದಿತು. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು, ಶತ್ರುವನ್ನು ದೂರದಿಂದಲೇ ಕಂಡು ಎಚ್ಚರಗೊಳ್ಳುವ ಈ ಹಕ್ಕಿಗೆ ಬೇಕಾದುದು ಮರವಲ್ಲ, ತೆರೆದ ಬಯಲು. ಆ ಪ್ರದೇಶದ ಬಹುಭಾಗವಾದರೋ ನೀಲಗಿರಿಯ ನೆಡುತೋಪಾಯಿತು. ಕೃಷ್ಣಮೃಗವು ಮರಗಳ ಮರೆಗೂ ಹೊಂದಿಕೊಂಡಿತು; ಎರೆಭೂತವು ಕಣ್ಮರೆಯಾಯಿತು. ಬೇಟೆ, ಸುತ್ತಣ ಉಳುಮೆಯ ವಿಸ್ತಾರ ಮೊದಲಾದ ಕಾರಣಗಳೂ ಈ ಹಕ್ಕಿಯ ನಾಶಕ್ಕೆ ಇಲ್ಲದಿಲ್ಲ. ಆದರೂ ‘ಅರಣ್ಯ’ವೆಂದೊಡನೆ ಮರವನ್ನೇ ಭಾವಿಸುವ ಬುದ್ಧಿಗೆ ಹುಲ್ಲುಬಯಲು ಒಂದು ಕೊರತೆಯಾಗಿ ತೋರುವುದು ಸಹಜ.

ಎರಡನೆಯ ಶಬ್ದವನ್ನು ಗುರುಗುಂಟೆಯ ಸೀಮೆಯಲ್ಲಿ ನಿಂತು ಪರೀಕ್ಷಿಸಬಹುದು. ‘ಬಂಜರು’ ಹಿಂದೂಸ್ತಾನಿಯಿಂದ ಬಂದ ಕಂದಾಯದ ಮಾತು. ಫಲವಿಲ್ಲದುದೆಂದು ಅದರ ತೀರ್ಪು. ‘ಬೀಳು’ ಅಚ್ಚಗನ್ನಡ, ಸದ್ಯಕ್ಕೆ ಬಿಟ್ಟಿರುವ ನೆಲವೆಂದಷ್ಟೇ ಅದರ ಸೂಚನೆ. ಎರೆಯೂ ಮಸಾರಿಯೂ ಬೆರೆತ ಲಿಂಗಸುಗೂರು ತಾಲ್ಲೂಕಿನಲ್ಲಿ ಹಿಂಗಾರಿ ಜೋಳದ ಹೊಲ, ಬೀಳು, ದನಕುರಿಗಳ ಹುಲ್ಲುಗಾವಲು ಇವು ಒಂದೇ ಬಾಳಿನ ಅಂಗಗಳು. ನೆಲಗುಬ್ಬಿಯಂಥ ನೆಲದಲ್ಲಿ ಗೂಡಿಡುವ ಹಕ್ಕಿಗಳಿಗೂ, ಚಳಿಗಾಲದಲ್ಲಿ ದೂರದೇಶದಿಂದ ಬಂದು ಹುಲ್ಲಿನ ನಡುವೆ ರಾತ್ರಿ ತಂಗುವ ಗಿಡುಗಗಳಿಗೂ ಇಂಥ ಮಿಶ್ರಭೂಮಿಯೇ ಆಶ್ರಯ. ಎರೆಭೂತದ ಹೆಸರಿನಲ್ಲಿಯೇ ‘ಎರೆ’ಯಿರುವುದು ಗಮನಾರ್ಹ: ಹೆಸರಿಟ್ಟ ಜನರು ಹಕ್ಕಿಯನ್ನು ನೆಲದಿಂದ ಬೇರ್ಪಡಿಸಲಿಲ್ಲ.

1953ರಿಂದೀಚೆಗೆ ತುಂಗಭದ್ರಾ ಎಡದಂಡೆಯ ಕಾಲುವೆಯಿಂದ ಸಿಂಧನೂರು ನೆಲ್ಲಿನ ನಾಡಾಯಿತು. ಮುಂದೆ ನಾರಾಯಣಪುರದ ಬಲದಂಡೆಯ ಕಾಲುವೆಯು ಲಿಂಗಸುಗೂರು ತಾಲ್ಲೂಕಿಗೂ ಕೃಷ್ಣೆಯ ನೀರನ್ನು ತಂದಿತು. ಗದ್ದೆಗೆ ಬೆಳ್ಳಕ್ಕಿ, ಕೊಕ್ಕರೆ, ನೀರುಕೋಳಿಗಳು ಬರುತ್ತವೆ. ಜಾತಿಗಳನ್ನು ಎಣಿಸಿ ಮಾತ್ರ ಹೋದವನಿಗೆ ಸಂಪತ್ತು ಹೆಚ್ಚಿದಂತೆಯೇ ಕಾಣುವುದು. ಆದರೆ ಎಲ್ಲೆಲ್ಲಿಯೂ ಬದುಕಬಲ್ಲ ಹತ್ತು ಬಂದು, ಇಲ್ಲಿಯೇ ಬದುಕಬೇಕಾದ ಒಂದು ಹೋದರೆ ಅದು ಲಾಭವಲ್ಲ. ಇಡೀ ಲೋಕದಲ್ಲಿ 150ರ ಸುಮಾರಿಗೆ ಇಳಿದಿರುವ ಎರೆಭೂತವು ಕರ್ಣಾಟಕದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದು ಸಿಂಧನೂರಿನಿಂದ ಹೊಳೆಯಾಚೆಯ ಸಿರುಗುಪ್ಪದ ಮಳೆಯಾಶ್ರಯದ ಹೊಲಬಯಲುಗಳಲ್ಲಿ.

ಬರವನ್ನುಂಡ ರೈತನಿಗೆ ನೀರು ಬೇಡವೆನ್ನುವುದು ನ್ಯಾಯವೇ ಎಂಬ ಆಕ್ಷೇಪವು ಬಲವಾದುದು. ನ್ಯಾಯವಲ್ಲ. ಆದಕಾರಣವೇ, ಬೀಳು ಬಿಟ್ಟವನ ನಷ್ಟವನ್ನು ಅವನೊಬ್ಬನ ತಲೆಗೆ ಕಟ್ಟದೆ, ಹಕ್ಕಿಯುಳಿಯಬೇಕೆನ್ನುವ ಸಮಾಜವೇ ಹೊರಬೇಕು. ನೆಲವನ್ನು ‘ಬಂಜರು’ ಎಂದು ಬರೆದ ಮೇಲೆ ಅಂಥ ನಷ್ಟವೇ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಗುರುಗುಂಟೆಗೆ ನೆರೆಯಾದ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನವು ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿ ಪ್ರಸಿದ್ಧವಾಯಿತು. ಆ ಅರಸನ ಐದನೆಯ ಸ್ತಂಭಶಾಸನವು ಇಲ್ಲಿಯದಲ್ಲ. ಆದರೂ ಇಲ್ಲಿ ಸ್ಮರಣೀಯ. ಅದು ಗಿಳಿ, ಗೊರವಂಕ, ಹಂಸ ಮೊದಲಾದ ಅವಧ್ಯಜೀವಿಗಳ ಹೆಸರನ್ನು ಹೇಳಿ ನಿಲ್ಲುವುದಿಲ್ಲ. ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ ಕಾಡಿಗೆ ಬೆಂಕಿಯಿಡಬಾರದು ಎಂದೂ ವಿಧಿಸುತ್ತದೆ. ಜೀವಿಯ ಪಟ್ಟಿಯೂ ನೆಲದ ನಡವಳಿಕೆಯೂ ಅಲ್ಲಿ ಒಂದೇ ಆಜ್ಞೆಯೊಳಗಿವೆ. ಇಂದಿನ ರಕ್ಷಣೆಯು ಮೊದಲನೆಯದಕ್ಕೆ ಎಲ್ಲೆಕಲ್ಲನ್ನು ನೆಟ್ಟು, ಎರಡನೆಯದನ್ನು ಕಲ್ಲಿನಾಚೆಗೆ ಬಿಟ್ಟಿದೆ. ಹಕ್ಕಿಯು ಆ ಕಲ್ಲನ್ನು ಅರಿಯದು. ಅದು ಅರಿತಿರುವುದು ಎರೆಯನ್ನು.